ನುಸಿ ಮುಟ್ಟದ ಬಟ್ಟೆ

ನನ್ನ ಚಿಕ್ಕಮ್ಮ ಟೈಲರ್. ಬೀದಿ ಕಡೆಯ ಮುಂಗೋಣೆಯೇ ಅಂಗಡಿ, ಹಿಂದಿನ ಎರಡು ಕೋಣೆ ಮನೆ, ನಡುವೆ ಒಂದು ಪರದೆ. ಪರದೆಯ ಎರಡೂ ಕಡೆ ಒಂದೇ ವಾಸನೆ, ನುಸಿಗುಳಿಗೆಯದು. ಬಟ್ಟೆ ಮಡಿಸಿಟ್ಟ ಕಪಾಟಿನಲ್ಲಿ, ದಿಂಬಿನ ಚೀಲದಲ್ಲಿ, ಹಾಸಿಗೆಯ ಕೆಳಗೆ, ಎಲ್ಲಿ ಕೈಹಾಕಿದರೂ ಆ ಬಿಳಿ ಗುಳಿಗೆ ಉರುಳಿ ಬರುತ್ತಿತ್ತು.

"ಚಿಕ್ಕಮ್ಮ, ನಿನಗಿಂತ ಮುಂಚೆ ನಿನ್ನ ವಾಸನೆನೇ ಬಂದು ಬಾಗಿಲು ತಟ್ಟುತ್ತೆ" ಎಂದು ನಾನು ಕಾಲೆಳೆದರೆ, "ತಟ್ಟಲಿ ಬಿಡೇ. ನಿನ್ನ ಹಾಗೆ ಹುಳಗಳಿಗೆ ಊಟ ಹಾಕೋಕೆ ನನಗೆ ಪುರುಸೊತ್ತಿಲ್ಲ" ಎನ್ನುತ್ತಿದ್ದಳು.

ಈ ಹಗೆಗೆ ಕಾರಣವಿತ್ತು. ಗಂಡ ಸತ್ತು, ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ಮಷೀನ್ ತುಳಿಯುತ್ತಿದ್ದ ಹೊಸತರಲ್ಲಿ, ಗಿರಾಕಿಯೊಬ್ಬಳ ಉಣ್ಣೆಯ ಶಾಲು ಅವಳ ಕಪಾಟಿನಲ್ಲೇ ನುಸಿ ತಿಂದು ತೂತುಬಿದ್ದಿತ್ತು. ಆ ಹೆಂಗಸು ನಡುಬೀದಿಯಲ್ಲಿ ಶಾಲನ್ನು ಬಿಸಿಲಿಗೆ ಹಿಡಿದು, ಹೋಗಿಬರುವವರಿಗೆಲ್ಲ ತೋರಿಸಿ ಚಿಕ್ಕಮ್ಮನ ಮಾನ ಹರಾಜು ಹಾಕಿದಳು. ಅಂದೇ ಚಿಕ್ಕಮ್ಮ ಮೊದಲ ಪೊಟ್ಟಣ ಕೊಂಡು ತಂದದ್ದು. ಪೊಟ್ಟಣದ ಮೇಲೆ ಹೂವಿನ ಚಿತ್ರ. ಹುಳ ಸಾಯಿಸುವ ಪದಾರ್ಥಕ್ಕೆ ಹೂವಿನ ಚಿತ್ರ ಅಂಟಿಸಿದವರ ಕೈ ಸೇದಿಹೋಗಲಿ ಎಂದು ನಾನು ಇವತ್ತಿಗೂ ಶಪಿಸುತ್ತೇನೆ.

ಮಗಳಿಗೆ ಮದುವೆಯಾಗಿ ವರ್ಷಗಳು ಉರುಳಿದರೂ ಮಡಿಲು ತುಂಬಲಿಲ್ಲ. ಎರಡು ಸಲ ಬಸಿರು ನಿಂತು ಎರಡು ಸಲವೂ ಹೋಯಿತು. ಪ್ರತಿ ಸಲವೂ ಸುದ್ದಿ ಕಿವಿಗೆ ಬಿದ್ದ ಕೂಡಲೇ ಚಿಕ್ಕಮ್ಮ ಮೆತ್ತನೆಯ ಹತ್ತಿಬಟ್ಟೆ ತಂದು, ಗಂಜಿ ಬಿಡುವವರೆಗೆ ಒಗೆದು, ಪುಟ್ಟ ಅಂಗಿ, ಕುಲಾವಿ, ಹೊದಿಕೆ ಹೊಲಿಯುತ್ತಿದ್ದಳು. ಎಳೆ ಚರ್ಮಕ್ಕೆ ಒತ್ತಬಾರದೆಂದು ಹೊಲಿಗೆಯ ಅಂಚನ್ನು ಹೊರಗಡೆಗೆ ತಿರುಗಿಸುತ್ತಿದ್ದಳು. ಮಗು ಉಳಿಯಲಿಲ್ಲವೆಂದು ತಿಳಿದಾಗ ಬಾಯಿಬಿಟ್ಟು ಅಳಲಿಲ್ಲ. ಎಲ್ಲವನ್ನೂ ಟ್ರಂಕಿಗೆ ಹಾಕಿ, ಪದರ ಪದರಕ್ಕೂ ಗುಳಿಗೆ ಇಟ್ಟು ಮುಚ್ಚಿದಳು.

ಮೂರನೆಯದು ಉಳಿಯಿತು. ಗಂಡುಮಗು. ಬಾಣಂತಿ ಆಸ್ಪತ್ರೆಯಿಂದ ನೇರ ತಾಯಿಯ ಮನೆಗೇ ಬಂದಳು. ಚಿಕ್ಕಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಟ್ರಂಕು ತೆರೆದು ಒಂದೊಂದೇ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಸೂಜಿಮೊನೆಯಷ್ಟು ತೂತೂ ಇರಲಿಲ್ಲ. ಒಗೆದೇ ಹೊಲಿದ ಬಟ್ಟೆಯಾದ್ದರಿಂದ ಮತ್ತೆ ಒಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹಾಗೇ ತೊಡಿಸಿದಳು.

ಎರಡು ದಿನ ಕಳೆದಿರಬೇಕು. "ಅಮ್ಮ, ಇವನ ಕಣ್ಣು ಹಳದಿ ಆಗಿದೆ ನೋಡು" ಎಂದಳು ಮಗಳು.

"ಹುಟ್ಟಿದ ಮಕ್ಕಳಿಗೆ ಆಗೋದೇ ಕಣೇ. ಎಳೆಬಿಸಿಲಿಗೆ ಹಿಡಿದ್ರೆ ಹೋಗುತ್ತೆ."

ಹೊದಿಕೆಯಲ್ಲಿ ಬೆಚ್ಚಗೆ ಸುತ್ತಿ ಬಿಸಿಲಿಗೆ ಹಿಡಿದರು. ಹಳದಿ ಏರಿತು. ಆಸ್ಪತ್ರೆಗೆ ಒಯ್ದು ಬರಿಮೈಯಲ್ಲಿ ನೀಲಿ ದೀಪದ ಕೆಳಗೆ ಮಲಗಿಸಿದಾಗ ಇಳಿಯಿತು. ಮಗುವಿನ ಬಟ್ಟೆಯ ಬಗ್ಗೆ ಅಲ್ಲಿ ಯಾರೂ ಕೇಳಲಿಲ್ಲ. ಮನೆಗೆ ಕರೆತಂದ ಮೇಲೆ ಚಿಕ್ಕಮ್ಮ ಅವನನ್ನು ಎದೆಗವಚಿಕೊಂಡಳು. "ಬರಿಮೈಲಿ ಮಲಗಿಸಿಬಿಟ್ಟಿದ್ರಲ್ಲ, ಕಂದಂಗೆ ಎಷ್ಟು ಚಳಿ ಆಗಿರಬೇಕು" ಎಂದು ಟ್ರಂಕಿನಲ್ಲಿ ಉಳಿದದ್ದನ್ನೆಲ್ಲ ಹೊರತೆಗೆದಳು. ಅಂಗಿಯ ಮೇಲೆ ಅಂಗಿ, ಹೊದಿಕೆಯ ಮೇಲೆ ಹೊದಿಕೆ.

ಮಗು ಹಾಲು ಬಿಟ್ಟಿತು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತು. ಕತ್ತು ಹಿಂದಕ್ಕೆ ಬಿಲ್ಲಿನ ಹಾಗೆ ಬಾಗಿ, ಅಳು ಕೀರಲಾಯಿತು. ಆಸ್ಪತ್ರೆಗೆ ಓಡಿದ ಆಟೋದಲ್ಲಿ ನಾನೂ ಇದ್ದೆ. ಆ ಅಳು ನಿಂತರೆ ಸಾಕೆಂದು ಒಮ್ಮೆ, ನಿಂತೇಬಿಟ್ಟರೆ ಏನು ಗತಿಯೆಂದು ಒಮ್ಮೆ ಅನ್ನಿಸುತ್ತಿತ್ತು.

ಆ ದಿನ ಇದ್ದ ಡಾಕ್ಟರಮ್ಮ ಹೊದಿಕೆ ಬಿಡಿಸುತ್ತಿದ್ದವರು ಕೈ ನಿಲ್ಲಿಸಿ, ಅದನ್ನು ಮೂಗಿನ ಬಳಿ ಹಿಡಿದರು.

"ಇದಕ್ಕೆ ನುಸಿಗುಳಿಗೆ ಹಾಕಿಟ್ಟಿದ್ರಾ?"

ಅಷ್ಟು ಗಾಬರಿಯಲ್ಲೂ ಚಿಕ್ಕಮ್ಮನ ಮುಖ ಅರಳಿತು. "ಹೂಂ ಡಾಕ್ಟ್ರೇ. ಪದರ ಪದರಕ್ಕೂ ಹಾಕಿದ್ದೆ. ನೋಡಿ ಬೇಕಾದ್ರೆ, ಇಷ್ಟು ವರ್ಷ ಆದ್ರೂ ಒಂದು ಎಳೆ ಹೋಗಿಲ್ಲ."

ಡಾಕ್ಟರಮ್ಮ ಬಟ್ಟೆಯನ್ನೆಲ್ಲ ಬಿಚ್ಚಿಸಿ ಕೋಣೆಯಿಂದ ಆಚೆ ಕಳಿಸಿದರು. ಆಮೇಲೆ ಮಗಳ ಕಡೆ ತಿರುಗಿ ಹೇಳಿದರು: "ಕೆಲವು ಮಕ್ಕಳ ರಕ್ತಕ್ಕೆ ಈ ಗುಳಿಗೆ ಆಗಲ್ಲಮ್ಮ. ಹುಟ್ಟಿನಿಂದಲೇ ಹಾಗೆ, ನೋಡಿದ್ರೆ ಗೊತ್ತಾಗಲ್ಲ. ಇದರ ಆವಿ ಒಳಗೆ ಹೋಗಿ ರಕ್ತದ ಕಣ ಒಡೆಯುತ್ತೆ. ಇಷ್ಟು ಹಳದಿ ಅದರಿಂದಲೇ ಇರಬೇಕು."

ಚಿಕ್ಕಮ್ಮನ ಮುಖದ ಮೇಲಿನ ನಗೆ ಇನ್ನೂ ಆರಿರಲಿಲ್ಲ. "ನಾನಾ?" ಎಂದಳು.

ರಕ್ತ ಬದಲಾಯಿಸಿದರು. ಜೀವ ಉಳಿಯಿತು. ಆದರೆ ಹಳದಿ ತಲೆಗೇರಿ ಕಿವಿಯನ್ನು ತೆಗೆದುಕೊಂಡು ಹೋಗಿತ್ತು. ಕೆಲವು ತಿಂಗಳ ಮೇಲೆ ಪರೀಕ್ಷೆ ಮಾಡಿಸಿದಾಗ ಮಗುವಿಗೆ ಏನೂ ಕೇಳಿಸುವುದಿಲ್ಲವೆಂದು ಖಾತ್ರಿಯಾಯಿತು.

ಬೀದಿಯಲ್ಲಿ ಎಲ್ಲರಿಗೂ ಒಮ್ಮೆಗೇ ಜ್ಞಾನೋದಯವಾಯಿತು. "ನಂಗೆ ಆವತ್ತೇ ಅನ್ನಿಸಿತ್ತು" ಎಂದು ಮೂಗುಮುರಿದ ಪಕ್ಕದ ಮನೆಯಾಕೆಯ ಕಪಾಟಿನಲ್ಲೂ ಅದೇ ಗುಳಿಗೆಗಳಿದ್ದವು. ನಾನು ಅದನ್ನು ಅವಳ ಮುಖಕ್ಕೆ ಹೇಳಿಯೇ ಬಂದೆ. ಇವತ್ತಿಗೂ ನಮಗೆ ಮಾತಿಲ್ಲ.

ಮಗಳು ಮಾತ್ರ ತಾಯಿಯನ್ನು ಬೈಯಲಿಲ್ಲ.

"ಬೈಯೇ ನನ್ನ. ಒಂದು ಸಲ ಬಾಯಿತುಂಬ ಬೈದುಬಿಡು" ಎಂದು ಚಿಕ್ಕಮ್ಮ ಅಂಗಲಾಚಿದಳು.

"ಏನಂತ ಬೈಯಲಿ ಅಮ್ಮ? ನಿಂಗೆ ಗೊತ್ತಿತ್ತಾ?"

ಹಾಗೆ ಅಂದವಳು ಮಗುವನ್ನು ಮಾತ್ರ ತಾಯಿಯ ಕೈಗೆ ಕೊಡಲಿಲ್ಲ. ಮೈ ಒರೆಸುವುದಕ್ಕೂ ಬಿಡದೆ ಗಂಡನ ಮನೆಗೆ ಹೊರಟುಹೋದಳು. ಮೊಮ್ಮಗನನ್ನು ಇನ್ನೊಮ್ಮೆ ಎತ್ತಿಕೊಳ್ಳುವ ಯೋಗ ತನಗಿದೆಯೋ ಇಲ್ಲವೋ ಎಂಬುದೊಂದೇ ಚಿಕ್ಕಮ್ಮನ ಚಿಂತೆಯಾಯಿತು. ಮನೆಯಿಂದ ಗುಳಿಗೆಯನ್ನೆಲ್ಲ ಗುಡಿಸಿ ಹಾಕಿದಳು, ಗೋಡೆಗೆ ಸುಣ್ಣ ಬಳಿಸಿದಳು. ಫೋನಿನಲ್ಲಿ ಮಗಳು "ನೋಡೋಣ" ಎನ್ನುತ್ತಿದ್ದಳು.

ಮಗು ನಡೆಯಲು ಕಲಿತ ಮೇಲೆ ಮಗಳು ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಂದಳು. ನಾನು ಅಲ್ಲೇ ಇದ್ದೆ. ಮಗು ನಮಗೆ ಬೆನ್ನು ಹಾಕಿ ಕುಳಿತು ನೂಲಿನ ಉಂಡೆ ಉರುಳಿಸುತ್ತಿತ್ತು. ಚಿಕ್ಕಮ್ಮ ಮರೆತು "ಕಂದಾ" ಎಂದು ಕರೆದುಬಿಟ್ಟಳು. ತಕ್ಷಣ ತುಟಿ ಕಚ್ಚಿಕೊಂಡು, ಸುತ್ತಿ ಬಂದು ಅದರ ಮುಂದೆ ಕುಳಿತಳು. ಮಗು ಮುಖವೆತ್ತಿ ನೋಡಿತು, ನಕ್ಕಿತು, ಎರಡೂ ಕೈ ಚಾಚಿತು.

ಚಿಕ್ಕಮ್ಮ ಮಗಳ ಮುಖ ನೋಡಿದಳು. "ಎತ್ಕೋ ಅಮ್ಮ" ಎಂದಳು ಮಗಳು.

"ಇರು, ಕೈ ತೊಳ್ಕೊಂಡು ಬಂದೆ" ಎಂದು ಚಿಕ್ಕಮ್ಮ ಒಳಗೆ ಓಡಿದಳು.

ನಲ್ಲಿ ಬಿಟ್ಟ ಸದ್ದು ಕೇಳಿತು. ಅದು ನಿಲ್ಲಲೇ ಇಲ್ಲ. "ಸಾಕು ಬಾಮ್ಮ" ಎಂದು ಮಗಳು ಕರೆದಳು. ಇನ್ನೊಮ್ಮೆ ಕರೆದಳು. ಒಳಗೆ ಚಿಕ್ಕಮ್ಮ ಉಜ್ಜುತ್ತಲೇ ಇದ್ದಳು. ಮಗು ಸ್ವಲ್ಪ ಹೊತ್ತು ಕೈ ಚಾಚಿಕೊಂಡೇ ಇತ್ತು. ಆಮೇಲೆ ಸೋತು ಇಳಿಸಿತು.