ನೂರಕ್ಕೆ ನೂರು

ಎಂ.ಎ. ಓದಲು ನಾನು ದಿನವೂ ಮಾದಿಹಳ್ಳಿಯಿಂದ ಅರಸೀಕೆರೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ನಮ್ಮ ತರಗತಿಯ ಬೆಂಚುಗಳು ಅವರವರು ಬರುವ ದಾರಿಯ ಪ್ರಕಾರ ಹಂಚಿಹೋಗಿದ್ದವು. ಬಾಣಾವರದ ರೈಲಿನವರದು ಕಿಟಕಿಯ ಪಕ್ಕ, ಊರಿನ ಕೊಬ್ಬರಿ ವ್ಯಾಪಾರಿಗಳ ಮಕ್ಕಳದು ಮುಂದೆ. ಹಳೇಬೀಡಿನ ಕಡೆಯಿಂದ ಬರುವವಳು ನಾನೊಬ್ಬಳೇ ಆದ್ದರಿಂದ ಕೊನೆಯ ಬೆಂಚು ಪೂರ್ತಿ ನನ್ನದು. ಜಹಗೀರು ಸಿಕ್ಕಿತು ಎಂದು ಮೊದಮೊದಲು ನಗುತ್ತಿದ್ದೆ.

ಊಟದ ಹೊತ್ತಿಗೆ ನಗು ನಿಲ್ಲುತ್ತಿತ್ತು. ಅವರೆಲ್ಲ ಡಬ್ಬಿಗಳನ್ನು ನಡುವೆ ಇಟ್ಟುಕೊಂಡು ಒಬ್ಬರದಕ್ಕೆ ಒಬ್ಬರು ಕೈ ಹಾಕಿ ತಿನ್ನುತ್ತಿದ್ದರು. ನನ್ನನ್ನು "ಊಟ ಆಯ್ತೇನೇ?" ಎಂದು ದೂರದಿಂದಲೇ ವಿಚಾರಿಸುತ್ತಿದ್ದರು. ನಮ್ಮಮ್ಮನ ಹುರುಳಿಕಾಳಿನ ಪಲ್ಯದ ಹತ್ತಿರ ಯಾರೂ ಸುಳಿಯಲಿಲ್ಲ. ನಾವು ಪರಿಶಿಷ್ಟ ಜಾತಿಯವರೆಂದು ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳಿದವರಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ನನ್ನ ಬಾಯಿ ಅಷ್ಟೇನೂ ಸಣ್ಣದಲ್ಲ.

ಮನೆಯಲ್ಲಿ ಹೇಳಿದಾಗ ಬ್ಯಾಂಕಿನಲ್ಲಿ ಕೆಲಸ ಮಾಡುವ ಅಪ್ಪ ಎದ್ದು ಗೋಡೆಯ ಮೇಲಿನ ಬುದ್ಧನ ಪಟದ ಧೂಳು ಒರೆಸತೊಡಗಿದರು. ಅಮ್ಮ, "ಮಾತಾಡ್ಸೋರು ಇಲ್ದಿದ್ರೆ ಏನಾಯ್ತೇ, ಪುಸ್ತಕ ಐತಲ್ಲ" ಎಂದಳು. ಪುಸ್ತಕವೇನೋ ಇತ್ತು. ಅದರ ಜೊತೆ ಎಷ್ಟು ದಿನ ಊಟಕ್ಕೆ ಕೂರುವುದು? ಎರಡನೇ ವರ್ಷದಲ್ಲಿ, ಓದು ಸಾಕು ಎಂದು ವಿಭಾಗದ ಮುಖ್ಯಸ್ಥರ ಬಳಿ ಹೋಗಿ ಟಿ.ಸಿ. ಕೇಳಿದೆ.

ಮೇಷ್ಟ್ರು ಗಾಬರಿಯಾದರು. "ಹೋಗ್ಬೇಡಮ್ಮ. ಮುಂದಿನ ವಾರ ವಿಶ್ವವಿದ್ಯಾಲಯದ ತಂಡ ಬರುತ್ತೆ. ಯಾವ ವರ್ಗದ ಮಕ್ಕಳು ಎಷ್ಟು ಜನ ಓದು ಬಿಡದೆ ಉಳಿದಿದ್ದಾರೆ ಅಂತ ನೋಡ್ತಾರೆ. ನಿಮ್ಮ ವರ್ಗದ ಹುಡುಗೀರದು ನೂರಕ್ಕೆ ನೂರು!"

"ಇರೋದು ನಾನೊಬ್ಬಳೇ ಅಲ್ವಾ ಸಾರ್?"

"ಅದಕ್ಕೇ ಹೇಳ್ತಿರೋದು. ನೀನು ಹೋದ್ರೆ ಸೊನ್ನೆ ಆಗ್ಬಿಡುತ್ತೆ."

ಸಿಟ್ಟು ಬಂತು. ಆದರೆ ಆ ಕಾಲೇಜಿನಲ್ಲಿ ನನಗೆ ಹೋಗಬೇಡ ಎಂದವರು ಅವರೊಬ್ಬರೇ. ಅಂಥ ಮಾತಿಗೂ ನಾನು ವಾರವಿಡೀ ಒಳಗೊಳಗೇ ಹಿಗ್ಗಿದೆ, ಅಷ್ಟು ಒಂಟಿಯಾಗಿದ್ದೆ.

ತಂಡ ಬಂದ ದಿನ ನಮ್ಮನ್ನೆಲ್ಲ ಸಭಾಂಗಣದಲ್ಲಿ ಕೂರಿಸಿದರು. ಪರದೆಯ ಮೇಲಿನ ನಕ್ಷೆಯಲ್ಲಿ ನಮ್ಮ ವರ್ಗದ ಹುಡುಗಿಯರ ಗೆರೆ ಎಲ್ಲಕ್ಕಿಂತ ಎತ್ತರವಾಗಿತ್ತು. ತಂಡದ ಹಿರಿಯ ಮೇಡಂಗೆ ಬಹಳ ಸಂತೋಷವಾಯಿತು. "ಆ ಹುಡುಗೀರೆಲ್ಲ ಎದ್ದು ನಿಲ್ಲಿ, ಚಪ್ಪಾಳೆ ತಟ್ಟೋಣ" ಎಂದರು. ನಾನು ಎದ್ದೆ. ಮೇಡಂ ಚಪ್ಪಾಳೆಗೆ ಎತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ಬೇರೆಯವರು ಏಳಲೆಂದು ಕಾದರು.

"ಇಷ್ಟೇ ಮೇಡಂ" ಎಂದೆ.

ಸಂಜೆ ಅವರ ಕಾರು ಗೇಟು ದಾಟಿದ ಮೇಲೆ ಮೇಷ್ಟ್ರು ನನ್ನನ್ನು ಕರೆಸಿದರು. ಸಮಾಧಾನ ಹೇಳುತ್ತಾರೆ, ಇನ್ನು ಕೆಲವೇ ತಿಂಗಳು ತಾನೇ, ಓದಿ ಮುಗಿಸು ಎನ್ನುತ್ತಾರೆ ಎಂದುಕೊಂಡು ಓಡಿದೆ. ಹೂಂ ಎನ್ನಲು ಸಿದ್ಧಳಾಗಿಯೇ ಹೋಗಿದ್ದೆ.

"ತಗೋಮ್ಮ, ನಿನ್ನ ಟಿ.ಸಿ. ಪಾಪ, ಒಂದು ವಾರ ಕಾಯಿಸ್ಬಿಟ್ಟೆ" ಎಂದು ಅವರು ನಗುತ್ತಾ ಕೊಟ್ಟರು.