ಹುಂಜದ ಗರಿ ಕಟ್ಟಿದ ಗಾಳ

ಕಾರವಾರದ ಕಡಲ ದಂಡೆಯಲ್ಲಿ ನಡೆಯುತ್ತಿದ್ದಾಗ ಏನೋ ಸುಂಯ್ಯೆಂದು ಬಂದು ನನ್ನ ಸೆರಗಿಗೆ ಸಿಕ್ಕಿಕೊಂಡಿತು. ನೋಡಿದರೆ ಹುಂಜದ ಕೆಂಪು ಗರಿ ಕಟ್ಟಿದ ಮೀನಿನ ಗಾಳ. ಬಿದಿರುಕೋಲು ಹಿಡಿದಿದ್ದ ಅಜ್ಜನೊಬ್ಬ ಓಡಿಬಂದು, ಸೀರೆ ಹರಿಯದಂತೆ ಮೆಲ್ಲಗೆ ಅದನ್ನು ಬಿಡಿಸಿದ. ನಾನು ದಾಂಡೇಲಿಯವಳೆಂದು ತಿಳಿದು ಮಾತಿಗೆ ನಿಂತ. ಅವನು ಜೋಯಿಡಾ ಕಡೆಯವನು. ಆಗಷ್ಟೇ ತುಂಬಿದ್ದ ಸೂಪಾ ಅಣೆಕಟ್ಟಿನ ನೀರಿನಲ್ಲಿ ಅವನ ಊರು ಮುಳುಗಿತ್ತು. ಈಗ ಇಲ್ಲಿ ಮಗಳ ಮನೆಯಲ್ಲಿದ್ದ.

ಅವನ ಬುಟ್ಟಿ ಖಾಲಿಯಿತ್ತು. "ಸಿಗಡಿ ಚುಚ್ಚಿ ಹಾಕ್ರಿ ಅಜ್ಜಾರ, ಮೀನ ಬೀಳ್ತಾವ," ಎಂದೆ.

"ನಮ್ಮ ಹೊಳ್ಯಾಗ ಗರಿ ನೀರಿಗೆ ತಾಗಿದ್ರ ಸಾಕು, ಹುಳ ಅಂತ ಮೀನ ಜಿಗೀತಿದ್ವು ತಂಗಿ. ಇಲ್ಲಿ ಮೀನಿಗೆ ಇದರ ಗುರ್ತ ಇಲ್ಲ," ಎಂದ. ಆಮೇಲೆ ಕಾಳಿ ನದಿ ಕಡಲು ಸೇರುವತ್ತ ಕೈ ತೋರಿಸಿದ. "ನಮ್ಮ ಮನಿ ಮ್ಯಾಲ ನಿಂತ ನೀರು ಕಡೀಕ ಇಲ್ಲಿಗೇ ಬರ್ತೈತಿ. ಅದರ ಜೋಡಿ ನಮ್ಮ ಮೀನೂ ಒಂದರ ಬಂದೀತು ಅಂತ ನಿಲ್ತೇನಿ."

ದಾಂಡೇಲಿಯ ನಮ್ಮ ನಲ್ಲಿಗೂ ಅದೇ ಹೊಳೆಯ ನೀರು. ಮರಳಿ ಬಂದ ದಿನ ಎಂದಿನಂತೆ ಕೊಡ ಹಿಡಿದೆ. ಅದು ತುಂಬಿ ಚೆಲ್ಲುತ್ತಿದ್ದರೂ ಎತ್ತಲು ಕೈ ಬರಲಿಲ್ಲ.