ತಂಗಡಿಯ ಹತ್ತು ಕೇಸರ

ಗಿಡದ ಚಿತ್ರ ಬರೆಯುವುದನ್ನು ಕಲೆ ಎನ್ನುವವರು ಒಂದು ಮಧ್ಯಾಹ್ನ ನನ್ನ ಪಕ್ಕ ಕೂತು ನೋಡಬೇಕಿತ್ತು. ಅದು ಕೂಲಿ. ಎಲೆಯ ನೆರಳನ್ನು ಬಳಿದು ತುಂಬುವಂತಿಲ್ಲ, ಉಕ್ಕಿನ ನಿಬ್ಬಿನಿಂದ ಒಂದೊಂದೇ ಚುಕ್ಕಿ ಇಟ್ಟು ಕಟ್ಟಬೇಕು. ಒಂದು ಚುಕ್ಕಿ ದಪ್ಪವಾದರೆ ಬ್ಲೇಡಿನಿಂದ ಕೆರೆಯಬೇಕು. ಸಂಜೆಗೆ ಕುತ್ತಿಗೆ ತಿರುಗುವುದಿಲ್ಲ. ಕಣ್ಣು ಮುಚ್ಚಿದರೂ ಚುಕ್ಕಿಗಳು ಓಡಾಡುತ್ತವೆ.

ಈ ಕೆಲಸಕ್ಕೆ ನಾನು ಬಂದದ್ದು ಪ್ರಾಕ್ಟಿಕಲ್ ರೆಕಾರ್ಡುಗಳ ದಾರಿಯಿಂದ. ತೊಂಬತ್ತರ ದಶಕದ ಶುರುವಿನಲ್ಲಿ ಹಗರಿಬೊಮ್ಮನಹಳ್ಳಿಯಲ್ಲಿ ಬಿಎಸ್ಸಿ ಓದುತ್ತಿದ್ದೆ. ನಮ್ಮಲ್ಲೊಂದು ಪದ್ಧತಿ ಇತ್ತು: ಮೇಷ್ಟ್ರು ಟೇಬಲ್ಲಿನ ಮೇಲೆ ಹೂವಿಡುತ್ತಿದ್ದರು, ನಾವು ಹಿಂದಿನ ವರ್ಷದವರ ರೆಕಾರ್ಡು ನೋಡಿ ಬರೆಯುತ್ತಿದ್ದೆವು. ಹೂವು ಅಲ್ಲೇ ಬಾಡುತ್ತಿತ್ತು. ನನ್ನ ಕೈ ಚೆನ್ನಾಗಿದೆ ಎಂದು ಗೆಳತಿಯರ ರೆಕಾರ್ಡುಗಳೂ ನನ್ನ ಕೊರಳಿಗೇ ಬಿದ್ದವು. ಅದೇ ಕಾಲಕ್ಕೆ ಹಡಗಲಿ, ಹರಪನಹಳ್ಳಿ ಅಂತ ಚರ್ಚಾ ಸ್ಪರ್ಧೆಗಳಿಗೆ ಹೋಗಿ ಶೀಲ್ಡು ತರುತ್ತಿದ್ದೆ. ಚೀಟಿಯಲ್ಲಿ 'ಪರ' ಬಂದರೆ ಪರ, 'ವಿರೋಧ' ಬಂದರೆ ವಿರೋಧ. ದೇವರಿಂದ ಹಿಡಿದು ಮೇಷ್ಟ್ರವರೆಗೆ ಯಾರನ್ನೂ ನಂಬುತ್ತಿರಲಿಲ್ಲ. ಹಳೇ ರೆಕಾರ್ಡನ್ನು ಮಾತ್ರ ನಂಬಿದ್ದೆ, ಅದು ಆಗ ಹೊಳೆಯಲಿಲ್ಲ.

ಓದು ಮುಗಿದ ಮೇಲೆ ಆ ಸಸ್ಯಶಾಸ್ತ್ರದ ಮೇಷ್ಟ್ರೇ ಕರೆದರು. ನಮ್ಮ ಐದು ತಾಲ್ಲೂಕುಗಳ ಗಿಡಗಳ ಬಗ್ಗೆ ಅವರದೊಂದು ಪುಸ್ತಕ. ಗುಡೇಕೋಟೆಯ ಕುರುಚಲು ಗುಡ್ಡದಿಂದ ಹಡಗಲಿಯ ಹೊಳೆದಂಡೆವರೆಗೆ ಸೈಕಲ್ಲಿನಲ್ಲಿ ಅಲೆದು ಬರೆದದ್ದು. ಅಷ್ಟರಲ್ಲಿ ಅವರ ಒಂದು ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಆದ ಇನ್ನೊಂದು ಸರಿಹೋಗಿರಲಿಲ್ಲ.

"ನೋಡು ವಕೀಲಮ್ಮ," ಅಂದರು. ನನ್ನ ಬಾಯಿಗೆ ಅವರಿಟ್ಟ ಹೆಸರು ಅದು. "ನಲವತ್ತು ಚಿತ್ರ ಬೇಕು. ಗಿಡ ಮುಂದ ಇಲ್ಲದ ಒಂದು ಗೆರಿನೂ ಎಳೀಬ್ಯಾಡ. ನನಗಂತೂ ಕಾಣಂಗಿಲ್ಲ. ನಿನ್ನ ಕಣ್ಣಿಗೆ ನನ್ನ ಪುಸ್ತಕ ಒಪ್ಪಿಸೀನಿ."

ಹೂಂ ಅಂದೆ. ನಾಲ್ಕು ವರ್ಷ ಬರೆದೆ. ಮೊದಮೊದಲು ಒಂದು ಕಾಯಿಗಾಗಿ ತಂಬ್ರಹಳ್ಳಿಯವರೆಗೆ ಹೋಗಿ ಬರುತ್ತಿದ್ದೆ. ಆಮೇಲೆ ದಣಿವು ಶುರುವಾಯಿತು. ದಣಿದವರಿಗೆ ನೆನಪು ತುಂಬಾ ಅನುಕೂಲ.

ಪುಸ್ತಕ ಅಚ್ಚಿಗೆ ಹೋದದ್ದು ನಮ್ಮ ಕೊಟ್ಟೂರಿನ ಒಂದು ಪ್ರೆಸ್ಸಿಗೆ. ಅದರ ಯಜಮಾನರು ಸಾಬರು, ಮದುವೆ ಪತ್ರಿಕೆಯ ಅಂಚಿನ ಬಳ್ಳಿಯನ್ನೂ ಭೂತಗನ್ನಡಿ ಇಟ್ಟು ನೋಡುವ ಮನುಷ್ಯ. ತಂಗಡಿ ಹೂವಿನ ಪ್ರೂಫು ತೆಗೆದು ಬಹಳ ಹೊತ್ತು ನೋಡಿದರು.

"ಅಕ್ಕಾರ, ಇದು ಯಾವ ಹೂವ್ರಿ?"

"ಕೆಳಗ ಬರದೈತಲ್ರಿ, ತಂಗಡಿ."

"ನಾ ದಿನಾ ಮುಂಜಾನಿ ಇದರ ಕಷಾಯ ಕುಡೀತೀನ್ರಿ, ಶುಗರ್ ಐತಿ ನನಗ. ಕಿತ್ತು ಬಿಡಿಸಿ ನೀರಿಗೆ ಹಾಕಾವ ನಾನ. ಒಳಗಿನ ಕಡ್ಡಿ ಹಿಂಗ ಎಲ್ಲಾ ಒಂದ ಸಮ ಇರಂಗಿಲ್ರಿ. ಕೆಳಗಿನವು ಉದ್ದ, ಕೊಂಬಿನಂಗ ಬಾಗಿರ್ತಾವು. ಮ್ಯಾಲಿನ ಮೂರು ಸಣ್ಣವು, ಸುಟ್ಟಂಗ."

ಹತ್ತು ಕೇಸರಗಳನ್ನೂ ಒಂದೇ ಅಳತೆಯಲ್ಲಿ, ದುಂಡಗೆ, ಅಂದವಾಗಿ ಬರೆದಿದ್ದೆ. ಸಿಟ್ಟು ಬಂತು. ಶಾಸ್ತ್ರೀಯ ಚಿತ್ರವೆಂದರೆ ಫೋಟೋ ಅಲ್ಲ ಎಂದೆ. ಒಂದು ಹೂವಿನದಲ್ಲ, ಜಾತಿಯ ಲಕ್ಷಣ ತೋರಿಸುವುದು ಎಂದೆ. ನಿಮ್ಮ ಹಿತ್ತಲಿನ ಗಿಡ ಕೆಟ್ಟಿರಬಹುದು ಎಂದೂ ಅಂದೆ.

ಅವರು ಭೂತಗನ್ನಡಿ ಕೆಳಗಿಟ್ಟರು. "ಆತು ಬಿಡ್ರಿ. ನೀವು ಕಲಿತಾವ್ರು. ನಮಗೇನ ಗೊತ್ತು, ಕುಡಿಯಾದಷ್ಟ ಗೊತ್ತು."

ಗೆದ್ದೆ. ಅಷ್ಟು ಸುಲಭದ ಗೆಲುವು ಯಾವ ವೇದಿಕೆಯಲ್ಲೂ ಸಿಕ್ಕಿರಲಿಲ್ಲ. ಪ್ರೆಸ್ಸಿನಿಂದ ಮನೆಗೆ ಹೋಗುವ ದಾರಿಯಲ್ಲಿ, ರಸ್ತೆಯ ಎರಡೂ ಬದಿಗೆ, ಹಳದಿ ಹಳದಿಯಾಗಿ ತಂಗಡಿ ನಿಂತಿತ್ತು. ಇಪ್ಪತ್ತು ಹೆಜ್ಜೆ ನೋಡದೆ ನಡೆದೆ. ಆಮೇಲೆ ಒಂದು ಹೂವು ಕಿತ್ತೆ. ಕೆಳಗಿನವು ಉದ್ದ, ಬಾಗಿದವು. ಮೇಲಿನ ಮೂರು ಕುಗ್ಗಿ ಕಪ್ಪಗಾದ ಬಂಜೆ ಕೇಸರಗಳು. ಇನ್ನೊಂದು ಕಿತ್ತೆ, ಮತ್ತೊಂದು ಗಿಡದ್ದೂ ಕಿತ್ತೆ. ಒಂದಾದರೂ ನನ್ನ ಪರವಾಗಿ ಸಾಕ್ಷಿ ಹೇಳಲಿಲ್ಲ. ಆ ಸಮನಾದ ಹತ್ತು ಕೇಸರ ನಾನು ನೋಡಿದ್ದಲ್ಲ. ರೆಕಾರ್ಡಿನಿಂದ ರೆಕಾರ್ಡಿಗೆ ಇಳಿದು, ನನ್ನ ಕೈಯಲ್ಲೇ ಎಷ್ಟೋ ಸಲ ನಕಲಾಗಿ, ಕೊನೆಗೆ ಪುಸ್ತಕದವರೆಗೆ ಬಂದದ್ದು.

ಸುಮ್ಮನಿರಬಹುದಿತ್ತು. ಅದಕ್ಕೂ ವಾದ ಸಿದ್ಧವಿತ್ತು: ಯಾರು ಎಣಿಸುತ್ತಾರೆ? ಮೇಷ್ಟ್ರಿಗೆ ಕಾಣುವುದಿಲ್ಲ. ಈ ಎರಡನೆಯ ಮಾತು ಮನಸ್ಸಿಗೆ ಬಂದದ್ದೇ ನನಗೆ ಹೇಸಿಗೆಯಾಯಿತು. ಮರುದಿನ ಕೂಡ್ಲಿಗಿಯ ಬಸ್ಸು ಹತ್ತಿ, ಹೂಗಳನ್ನು ಒದ್ದೆ ಕರವಸ್ತ್ರದಲ್ಲಿ ಸುತ್ತಿಕೊಂಡು ಅವರ ಮನೆಗೆ ಹೋದೆ.

ಮೇಷ್ಟ್ರು ಪೂರ್ತಿ ಕೇಳಿದರು. ಹೂವನ್ನು ಕೈಗೆ ತೆಗೆದುಕೊಂಡು ಕೇಸರಗಳನ್ನು ಬೆರಳ ತುದಿಯಿಂದ ಮುಟ್ಟಿ ಮುಟ್ಟಿ ನೋಡಿದರು.

"ಆ ರೆಕಾರ್ಡಿಗೆಲ್ಲ ಕೆಂಪು ಮಸಿ ಸೈನ್ ಹಾಕ್ದಾವ ನಾನ ಅಲ್ಲೇನ?"

"ಹೌದ್ರಿ."

"ಆವಾಗ ಕಣ್ಣು ಚಲೋ ಇದ್ವು ನನ್ನವು." ಹೂವನ್ನು ಒದ್ದೆ ಕರವಸ್ತ್ರದ ಮೇಲೆ ವಾಪಸ್ಸಿಟ್ಟರು. "ಇನ್ನ ಎಷ್ಟು ಅದಾವು, ಹಿಂಗ ಗಿಡ ನೋಡದ ಬರದವು?"

ಬಸ್ಸಿನಲ್ಲಿ ಎಣಿಸಿಕೊಂಡೇ ಹೋಗಿದ್ದೆ. "ತಂಗಡಿ ಸೇರಿ ಹನ್ನೊಂದು."

"ಪ್ರೆಸ್ಸಿನವರಿಗೆ ನಿಂದ್ರಸ್ರಿ ಅಂತ ಹೇಳು."

"ಸರ್, ಅದರಾಗ ನಾಕು ಗಿಡ ಮಳಿ ಆದ ಮ್ಯಾಲ ಹೂ ಬಿಡಾವು. ಬರೇ ಒಂದು ತಂಗಡಿ ತಿದ್ದಿ..."

"ವಾದ ಮಾಡಬ್ಯಾಡ ವಕೀಲಮ್ಮ. ನನಗೂ ಸಾಕಾಗೈತಿ. ಆದ್ರ ಮಳಿ ಬರ್ಲಿ."

ಪ್ರೆಸ್ಸಿಗೆ ಹೋಗಿ ಹೇಳಿದಾಗ ಯಜಮಾನರು ನಗಲಿಲ್ಲ. ಪ್ಲೇಟುಗಳನ್ನು ಹಳೇ ಪೇಪರಿನಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದರು. "ನಮ್ಮ ಹಿತ್ತಲದ ಗಿಡ ಈಗ ಹೆಂಗೈತ್ರಿ ಅಕ್ಕಾರ, ಕೆಟ್ಟೈತೋ?" ಅಂತ ಒಂದೇ ಮಾತು ಕೇಳಿದರು. ತಲೆ ತಗ್ಗಿಸಿ ಅವರ ಹಿತ್ತಲಿಗೇ ಹೋಗಿ ಕೂತು ತಂಗಡಿ ಬರೆದೆ.

ಅಲ್ಲಿಂದ ಒಂದು ವರ್ಷ ನಡೆದದ್ದು ಹೀಗೆ: ಚಿತ್ರ ಮುಗಿದಾಗಲೆಲ್ಲ ಗಿಡವನ್ನೂ ಹಾಳೆಯನ್ನೂ ಕೂಡ್ಲಿಗಿಗೆ ಒಯ್ಯಬೇಕು. ಹನ್ನೊಂದಷ್ಟೇ ಅಲ್ಲ, ಉಳಿದ ಇಪ್ಪತ್ತೊಂಬತ್ತೂ. ಮೇಷ್ಟ್ರು ಹೂವು ಕೈಯಲ್ಲಿ ಹಿಡಿದು ಕೂರುತ್ತಿದ್ದರು, ನಾನು ನನ್ನ ಚಿತ್ರವನ್ನು ಜೋರಾಗಿ ಎಣಿಸಬೇಕು. ದಳ ಐದು. ಕೇಸರ ಹತ್ತು. ಅವರ ಬೆರಳು ನನ್ನ ಮಾತಿನ ಹಿಂದೆ ಹಿಂದೆ ಬರುತ್ತಿತ್ತು, ನಿಂತಲ್ಲಿ ನಾನೂ ನಿಲ್ಲಬೇಕು. ಗಂಟಲು ಒಣಗುತ್ತಿತ್ತು. ನೀರು ಕುಡಿದು ಕೂತರೆ, "ಹೂಂ, ಮೊದಲಿಂದ," ಅನ್ನುತ್ತಿದ್ದರು.